ಮುಲ್ಕಿ: ಈ ನೆಲದವರು ಯಾರು?

ಕರಾವಳಿಯ ಓದುಗರಿಗೆ ಮುಲ್ಕಿ ಎಂದರೆ ಮಂಗಳೂರು-ಉಡುಪಿ ದಾರಿಯಲ್ಲಿ ಸಿಗುವ ಒಂದು ಊರು. ಧಾರವಾಡ, ಬೆಳಗಾವಿ ಕಡೆಯ ಹಿರಿಯರಿಗೆ ಅದು ಏಳನೇ ಇಯತ್ತೆಯ ಪರೀಕ್ಷೆಯ ಹೆಸರು. ಕಲಬುರಗಿ, ಬೀದರ, ರಾಯಚೂರು ಸೀಮೆಯ ಹಳಬರಿಗೆ ಮಾತ್ರ ಅದು ಮನುಷ್ಯನ ಗುರುತು. ಮುಲ್ಕ್ ಎಂದರೆ ನಾಡು. ಮುಲ್ಕಿ ಎಂದರೆ ಆ ನಾಡಿನವನು. ಈಗಿನ ಹುಡುಗರಿಗೆ ಈ ಪದ ಗೊತ್ತಿಲ್ಲ. ಆದರೆ ಅದರ ಅರ್ಥ ಅವರನ್ನು ಬಿಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಮಗಳ ಕಾಲೇಜು ಸೀಟಿಗಾಗಿ 371(ಜೆ) ಪ್ರಮಾಣಪತ್ರ ಮಾಡಿಸಬೇಕಾಯಿತು. ನಾವು ಈ ಪ್ರದೇಶದವರು ಎಂದು ಸರ್ಕಾರ ಬರೆದುಕೊಡುವ ಕಾಗದ ಅದು. ದಾಖಲೆಗಳಿಗಾಗಿ ಮನೆಯ ಹಳೆಯ ಟ್ರಂಕು ತೆಗೆದೆವು. ನನ್ನ ಶಾಲೆಯ ದಾಖಲೆ, ಅಬ್ಬಾ ಅವರ ಸರ್ವಿಸ್ ಪುಸ್ತಕ, ಅವುಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹಳದಿ ಕಾಗದ. ಉರ್ದುವಿನ ಶಿಕಸ್ತಾ ಬರಹ, ಮಸುಕಾದ ಮೊಹರು, ಫಸಲಿ 1350ರ ತಾರೀಖು. ನಮ್ಮ ಲೆಕ್ಕದಲ್ಲಿ 1940-41. ತಹಸೀಲು ಕಚೇರಿಯಲ್ಲಿ ಅಹಲ್ಕಾರರಾಗಿ, ಅಂದರೆ ಗುಮಾಸ್ತರಾಗಿ, ಸೇರುವ ಮೊದಲು ನನ್ನ ದಾದಾ ಪಡೆದಿದ್ದ ಮುಲ್ಕಿ ಪ್ರಮಾಣಪತ್ರ.

"ಅಬ್ಬಾ, ದಾದಾನೂ ಇದನ್ನೇ ಮಾಡಿಸಿದ್ರಾ?" ಎಂದಳು ಮಗಳು.

ಹೌದು, ಇದನ್ನೇ. ಬರೆದ ಲಿಪಿ ಬೇರೆ, ಆಳಿದವರು ಬೇರೆ. ಪ್ರಶ್ನೆ ಮಾತ್ರ ಅದೇ: ಈ ನೆಲದವರು ಯಾರು? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಆರು ನೂರು ವರ್ಷಗಳ ಚರಿತ್ರೆಯಿದೆ.

ಗರೀಬ್ ಮತ್ತು ದಖ್ಖನಿ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಗುಲ್ಬರ್ಗ ಅದರ ರಾಜಧಾನಿ. ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ದಿಲ್ಲಿಯಿಂದ ಬಂದು ಇಲ್ಲೇ ಬೇರುಬಿಟ್ಟ ಕುಟುಂಬಗಳು ಒಂದೆರಡು ತಲೆಮಾರಿನಲ್ಲಿ ತಮ್ಮನ್ನು ದಖ್ಖನಿಗಳೆಂದು ಕರೆದುಕೊಂಡವು. ಅಷ್ಟರಲ್ಲಿ ಇರಾನ್, ಅರಬ್, ತುರ್ಕಿ ನಾಡುಗಳಿಂದ ಹೊಸಬರು ಬರತೊಡಗಿದರು. ಅವರಿಗೆ ಆಫಾಕಿಗಳೆಂಬ ಹೆಸರಿತ್ತು. ಗರೀಬರೆಂದೂ ಕರೆಯುತ್ತಿದ್ದರು. ಇಲ್ಲಿ ಗರೀಬ್ ಎಂದರೆ ಬಡವನಲ್ಲ, ಪರದೇಶಿ. ಕನ್ನಡದಲ್ಲಿಯೂ ಪರದೇಶಿ ಎಂದಾಗ ಹೊರನಾಡಿನವನ ಜೊತೆಗೆ ದಿಕ್ಕಿಲ್ಲದವನೂ ನೆನಪಿಗೆ ಬರುತ್ತಾನಲ್ಲ!

ದಖ್ಖನಿಗಳು ಮತ್ತು ಆಫಾಕಿಗಳು ಇಬ್ಬರೂ ಮುಸ್ಲಿಮರು. ಆದರೂ ದರ್ಬಾರು ಎರಡಾಗಿ ಸೀಳಿತು. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದರು. ಅದರ ಗೋಡೆಯ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಎರಡೂ ಬಣಗಳನ್ನು ಸರಿತೂಗಿಸಲು ಪ್ರಯತ್ನಿಸಿದ ಅದೇ ಗವಾನ್‌ರನ್ನು, ವಿರೋಧಿಗಳು ಸೃಷ್ಟಿಸಿದ ಒಂದು ಸುಳ್ಳು ಪತ್ರವನ್ನು ನಂಬಿ ಸುಲ್ತಾನ 1481ರಲ್ಲಿ ಕೊಲ್ಲಿಸಿದ. ಆ ಬಳಿಕ ರಾಜ್ಯವೂ ಬಹಳ ಕಾಲ ಬಾಳಲಿಲ್ಲ, ಐದು ತುಂಡಾಯಿತು.

‘ನಾನು ಈ ನೆಲದವನು’ ಎಂಬ ಮಾತಿಗೆ ಎರಡು ಮುಖಗಳಿವೆ. ಒಂದು ಮುಖದಿಂದ ದಖ್ಖನಿ ಭಾಷೆ ಹುಟ್ಟಿತು. ಹದಿನೈದನೇ ಶತಮಾನದ ಬೀದರಿನಲ್ಲಿ ನಿಜಾಮಿ ಎಂಬ ಕವಿ ದಖ್ಖನಿಯಲ್ಲಿ ‘ಕದಮರಾವ್ ಪದಮರಾವ್’ ಎಂಬ ಕಥನಕಾವ್ಯ ಬರೆದ. ಕಾವ್ಯದ ಹೆಸರೇ ಈ ನೆಲದ ಹೆಸರು. ಇನ್ನೊಂದು ಮುಖದಲ್ಲಿ ಗವಾನ್‌ರ ರಕ್ತವಿದೆ. ನೆಲದ ಅಭಿಮಾನದ ಬಗ್ಗೆ ಮಾತಾಡುವಾಗ ನಾವು ಎರಡನ್ನೂ ನೆನಪಿಡಬೇಕು.

ಹದಿನೈದು ವರ್ಷದ ಲೆಕ್ಕ

ಅಸಫ್‌ಜಾಹಿ ಕಾಲದಲ್ಲಿ ಇದೇ ಜಗಳ ಹೊಸ ವೇಷದಲ್ಲಿ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ದಿವಾನ ಒಂದನೇ ಸಾಲಾರ್‌ಜಂಗ್ ಆಡಳಿತ ಸುಧಾರಣೆಗಾಗಿ ಉತ್ತರ ಹಿಂದೂಸ್ತಾನದಿಂದ ವಿದ್ಯಾವಂತರನ್ನು ಕರೆಸಿದರು. ಮೊಹ್ಸಿನುಲ್ ಮುಲ್ಕ್, ವಿಕಾರುಲ್ ಮುಲ್ಕ್, ಸಯ್ಯದ್ ಹುಸೇನ್ ಬಿಲ್ಗ್ರಾಮಿಯಂಥ ಸಮರ್ಥರು ಬಂದರು. ಅವರ ಹಿಂದೆಯೇ ಅವರ ಬಂಧುಗಳು, ಊರವರು ಬಂದರು. 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಬಂದಾಗ ಉತ್ತರದವರ ದಾರಿ ಇನ್ನೂ ಸುಲಭವಾಯಿತು. ಸ್ಥಳೀಯರು ಗೊಣಗಿದರು. ಆ ಗೊಣಗಾಟವೇ ಮುಲ್ಕಿ–ಗೈರ್‌ಮುಲ್ಕಿ ವಿವಾದ.

ನಿಜಾಮರ ಸರ್ಕಾರ ಈ ವಿಷಯದಲ್ಲಿ ಹಲವು ಆದೇಶ ಹೊರಡಿಸಿತು. ಅವುಗಳಲ್ಲಿ ಮುಖ್ಯವಾದದ್ದು 1919ರ ಫರ್ಮಾನು. ಅದರ ಪ್ರಕಾರ ಹುಟ್ಟಿನಿಂದ ಹೈದರಾಬಾದ್ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. ಹೊರಗಿನಿಂದ ಬಂದವನೂ ಮುಲ್ಕಿಯಾಗಬಹುದಿತ್ತು. ಅವನು ಕನಿಷ್ಠ 15 ವರ್ಷ ಇಲ್ಲಿ ಖಾಯಂ ಆಗಿ ನೆಲೆಸಿರಬೇಕು. ಹಿಂದಿನ ಊರಿಗೆ ಮರಳುವ ಉದ್ದೇಶ ಬಿಟ್ಟಿದ್ದೇನೆಂದು ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಕೊಡಬೇಕು. ಮುಲ್ಕಿಯ ಹೆಂಡತಿಯೂ ಮುಲ್ಕಿಯೇ.

ಈ ನಿಯಮದಲ್ಲಿ ಧರ್ಮದ ಮಾತೇ ಇರಲಿಲ್ಲ. ಲಖನೌದಿಂದ ಬಂದ ಮುಸ್ಲಿಮ ಗೈರ್‌ಮುಲ್ಕಿ, ಆಳಂದದ ಲಿಂಗಾಯತ ಮುಲ್ಕಿ. ಸಂಸ್ಥಾನದ ದೊರೆ ಮುಸ್ಲಿಮನಾಗಿದ್ದರೂ ನೆಲದವನು ಯಾರೆಂದು ತೀರ್ಮಾನಿಸುವಾಗ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ವರ್ಷದಿಂದ ಇದ್ದೀ? ಇಲ್ಲೇ ಇರುತ್ತೀಯಾ? 1930ರ ದಶಕದಲ್ಲಿ ‘ಹೈದರಾಬಾದಿಗಳಿಗಾಗಿ ಹೈದರಾಬಾದ್’ ಎಂದು ಮುಲ್ಕಿಗಳು ಸಂಘ ಕಟ್ಟಿದಾಗ ಅದರಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಇದ್ದರು.

ನೋಟಿನ ಮೇಲಿನ ಕನ್ನಡ

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವ ಅಗತ್ಯವಿಲ್ಲ. ಮುಲ್ಕಿ ಕಾಗದ ಬೇಕಾಗಿದ್ದದ್ದು ನೌಕರಿ ಕೇಳುವವರಿಗೆ. ನೌಕರಿ ಕೇಳಲು ಉರ್ದು ಬೇಕು. ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಹಳ್ಳಿಯ ರೈತನ ಮಗನಿಗೆ ಉರ್ದು ಎಲ್ಲಿಂದ ಬರಬೇಕು? ಜಾಗೀರುದಾರರ ಹೊಲದಲ್ಲಿ ದುಡಿಯುತ್ತಿದ್ದವರು, ಹಿಂದೂಗಳಿರಲಿ ಮುಸ್ಲಿಮರಿರಲಿ, ಮುಲ್ಕಿಯಾಗಿದ್ದರೂ ಪಡೆದದ್ದು ಏನೂ ಇಲ್ಲ.

ನಿಜಾಮರ ಕಾಗದದ ನೋಟಿನ ಮೇಲೆ ಉರ್ದುವಿನ ಜೊತೆ ಕನ್ನಡ, ತೆಲುಗು, ಮರಾಠಿಯಲ್ಲೂ ಬೆಲೆ ಅಚ್ಚಾಗುತ್ತಿತ್ತು. ಸಂತೆಗೆ ಕನ್ನಡ ಬೇಕಿತ್ತು, ಕಚೇರಿಗೆ ಬೇಡವಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಧುನಿಕ ವಿದ್ಯೆಯನ್ನು ಭಾರತೀಯ ಭಾಷೆಯೊಂದರಲ್ಲಿ ಕಲಿಸಿದ ದೊಡ್ಡ ಸಾಹಸ. ಆದರೆ ಆ ಭಾಷೆ ಸಂಸ್ಥಾನದ ಬಹುಪಾಲು ಜನರ ಮನೆಮಾತಾಗಿರಲಿಲ್ಲ.

ಆ ಕೊರತೆಯನ್ನು ಜನರೇ ತುಂಬಿಕೊಂಡರು. ಗುಲ್ಬರ್ಗದಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಒಂದು ರಾಷ್ಟ್ರೀಯ ಶಾಲೆ ಕಟ್ಟಿ ಅದಕ್ಕೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವನ್ನು ತನ್ನದೆಂದುಕೊಳ್ಳುವವನು. ಉರ್ದು ಬಲ್ಲ ಕನ್ನಡಿಗರ ಒಂದು ದೊಡ್ಡ ಪೀಳಿಗೆ ಈ ಸೀಮೆಯಲ್ಲಿ ಬೆಳೆಯಿತು. ಕನ್ನಡಕ್ಕೆ ಗಜಲ್ ತಂದವರಲ್ಲಿ ಮೊದಲಿಗರಾದ ಶಾಂತರಸರು ಅವರಲ್ಲೊಬ್ಬರು. 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅತ್ತ ಗುಲ್ಬರ್ಗದ ಸುಲೇಮಾನ್ ಖತೀಬರು ಹಳ್ಳಿಯ ದಖ್ಖನಿಯಲ್ಲಿ ಬರೆದು ಜನರನ್ನು ನಗಿಸಿದರು, ನಗಿಸುತ್ತಲೇ ಅಳಿಸಿದರು. ‘ನಕ್ಕೋ’, ‘ಹೌ’ ಎನ್ನುವ ಆ ಭಾಷೆ ಲಖನೌದವರಿಗೆ ಒರಟು. ಪಕ್ಕದ ಮನೆಯ ಕನ್ನಡಿಗನಿಗೆ ಮಾತ್ರ ಬಲು ಪರಿಚಿತ.

ಮುಲ್ಕ್ ಎರಡಾದಾಗ

1947-48ರಲ್ಲಿ ಈ ಗುರುತಿಗೆ ಎರಡು ಕಡೆಯಿಂದ ಏಟು ಬಿತ್ತು.

ಮೊದಲ ಏಟು ಕಾಸಿಂ ರಜ್ವಿಯ ರಜಾಕಾರರದು. ಎಲ್ಲರಿಗೂ ಸೇರಿದ್ದ ಮುಲ್ಕನ್ನು ಒಂದೇ ಧರ್ಮದವರ ಆಳ್ವಿಕೆಯಾಗಿ ಉಳಿಸಿಕೊಳ್ಳಲು ಅವರು ಕತ್ತಿ ಹಿಡಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಹತ್ಯಾಕಾಂಡವನ್ನು ಆ ಸೀಮೆ ಇಂದಿಗೂ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ರಜಾಕಾರರನ್ನು ವಿರೋಧಿಸಿ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು ಅದೇ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ನಮ್ಮ ಮಕ್ಕಳು ಈ ಹೆಸರನ್ನೂ ಕಲಿಯಬೇಕು.

ಎರಡನೇ ಏಟು ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಬಿತ್ತು. ರಜಾಕಾರರ ಪಾಪಕ್ಕೆ ರಜಾಕಾರರೇ ಅಲ್ಲದವರು ಬೆಲೆ ತೆತ್ತರು. ಪ್ರಧಾನಿ ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಜಿಲ್ಲೆಗಳಲ್ಲಿ ತಿರುಗಾಡಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ. ಈ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಪ್ರಾಣವನ್ನೇ ಪಣಕ್ಕಿಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಸಮಿತಿ ಬರೆದಿದೆ. ಒಂದೇ ಕಸುಬಿನವರಲ್ಲಿ ಇದು ಹೆಚ್ಚಾಗಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡನಿಂತರು. ಮಗ್ಗದ ಸಂಬಂಧ ಮತದ ಹಗೆಗಿಂತ ಗಟ್ಟಿಯಾಗಿತ್ತು.

ಗುಲ್ಬರ್ಗದಲ್ಲಿ ಬೆಳೆದ ಮೂವರು ಅಣ್ಣತಮ್ಮಂದಿರ ಕಥೆಯಲ್ಲಿ ಆ ದಿನಗಳ ಪಾಡು ಕಾಣುತ್ತದೆ. ಮಹಬೂಬ್ ಹುಸೇನ್ ಜಿಗರ್ ಹೈದರಾಬಾದಿನಲ್ಲಿ ಉಳಿದು 1949ರಲ್ಲಿ ಆಬಿದ್ ಅಲಿ ಖಾನರ ಜೊತೆ ‘ಸಿಯಾಸತ್’ ಪತ್ರಿಕೆ ಆರಂಭಿಸಿದರು. ಹೆಸರಾಂತ ಕಥೆಗಾರ ಇಬ್ರಾಹಿಂ ಜಲೀಸ್ ಪಾಕಿಸ್ತಾನಕ್ಕೆ ಹೋದರು. 1977ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಅವರ ಒಂದು ಪುಸ್ತಕದ ಹೆಸರು ‘ದೋ ಮುಲ್ಕ್ ಏಕ್ ಕಹಾನಿ’, ಅಂದರೆ ಎರಡು ಮುಲ್ಕು, ಒಂದು ಕಥೆ. ಕಿರಿಯ ಮುಜ್ತಬಾ ಹುಸೇನ್ ಉರ್ದು ಹಾಸ್ಯದ ದೊಡ್ಡ ಲೇಖಕರಾಗಿ 2007ರಲ್ಲಿ ಪದ್ಮಶ್ರೀ ಪಡೆದರು, 2020ರಲ್ಲಿ ನಿಧನರಾದರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ಮುಲ್ಕೇ ಬದಲಾಯಿತು.

ನನ್ನ ದಾದಾ ಹೋಗಲಿಲ್ಲ. ಅವರ ಉರ್ದು ಮಾತ್ರ ಕಚೇರಿಯಿಂದ ಹೋಯಿತು. ನಡುವಯಸ್ಸಿನಲ್ಲಿ ಕನ್ನಡದ ಅಕ್ಷರ ತಿದ್ದಿದರು. ಅವರ ಕನ್ನಡ ಕೈಬರಹ ಕೊನೆಯವರೆಗೂ ಬಲಕ್ಕೆ ಬದಲು ಎಡಕ್ಕೆ ವಾಲುತ್ತಿತ್ತು ಎಂದು ಅಬ್ಬಾ ನಗುತ್ತಿದ್ದರು.

ಮೂವರಲ್ಲಿ ಒಬ್ಬ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬಯಿ ರಾಜ್ಯಕ್ಕೆ, ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ. ತಾಲೂಕುಗಳೂ ಹಂಚಿಹೋದವು. ಉದಗೀರ, ನಿಲಂಗಾ ಮರಾಠಿಗೆ. ಜಹೀರಾಬಾದ್, ತಾಂಡೂರು, ಗದ್ವಾಲ ತೆಲುಗಿಗೆ.

ಪಾಲಿನಲ್ಲಿ ಮೂವರು ಮಕ್ಕಳನ್ನು ಒಂದೇ ರೀತಿ ನೋಡಲಿಲ್ಲ. ಅದೇ ವರ್ಷ ಸಂವಿಧಾನದ 371ನೇ ವಿಧಿಯನ್ನು ಬದಲಿಸಿದಾಗ ಆಂಧ್ರಕ್ಕೆ ಪ್ರಾದೇಶಿಕ ಸಮಿತಿಯ ಅವಕಾಶ ಬಂತು, ಮರಾಠವಾಡಕ್ಕೆ ಅಭಿವೃದ್ಧಿ ಮಂಡಳಿಯ ಅವಕಾಶ ಬಂತು. ಕನ್ನಡದ ಪಾಲಿಗೆ ಒಂದು ಸಾಲೂ ಇರಲಿಲ್ಲ. ನೌಕರಿಯಲ್ಲಿ ವಾಸದ ಷರತ್ತುಗಳನ್ನು ರದ್ದುಪಡಿಸಿದ 1957ರ ಕೇಂದ್ರ ಕಾಯ್ದೆ ತೆಲಂಗಾಣಕ್ಕೆ ವಿನಾಯಿತಿ ಕೊಟ್ಟಿತು, ನಮಗೆ ಕೊಡಲಿಲ್ಲ. ಕನ್ನಡಿಗರೊಡನೆ ಒಂದಾದ ಸಂಭ್ರಮದಲ್ಲಿ ನಮ್ಮವರೂ ಗಟ್ಟಿಯಾಗಿ ಕೇಳಲಿಲ್ಲ.

ಫಲ ಏನೆಂದು 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಹೇಳಿತು. ರಾಜ್ಯದ 114 ತಾಲೂಕುಗಳು ಹಿಂದುಳಿದಿವೆ. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ದೀರ್ಘ ಹೋರಾಟದ ಬಳಿಕ 2012ರ ಕೊನೆಗೆ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿತು, 371(ಜೆ) ಬಂತು. ಹಳೆಯ ಹೈದರಾಬಾದಿಗೆ ಸೇರದ ಬಳ್ಳಾರಿಯೂ ಅದರಲ್ಲಿ ಸೇರಿತು. ಇಂದು ವಿಜಯನಗರವೂ ಕೂಡಿ ಏಳು ಜಿಲ್ಲೆಗಳು. ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು, ಹೊರಗೆ ಶೇ. 8, ನೌಕರಿಗಳಲ್ಲಿ ದರ್ಜೆಗೆ ತಕ್ಕಂತೆ ಶೇ. 75ರಿಂದ 85. ಅರ್ಹತೆ ಹುಟ್ಟಿನಿಂದ, ಇಲ್ಲವೇ ಹತ್ತು ವರ್ಷದ ವಾಸದಿಂದ. 1919ರ ಹದಿನೈದು ಹತ್ತಾಯಿತು. ಧರ್ಮದ ಕಾಲಂ ಅಂದೂ ಇರಲಿಲ್ಲ, ಇಂದೂ ಇಲ್ಲ.

2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. ಬಸವಣ್ಣನವರ ಕಲ್ಯಾಣದ ಹೆಸರಿಗೆ ಯಾರ ತಕರಾರು? ಆ ಕಲ್ಯಾಣವೂ ಹೊರಗಿನಿಂದ ಬಂದವರನ್ನು ‘ಇವ ಯಾರವ’ ಎನ್ನದೆ ಒಳಗೆ ಕರೆದ ಊರು. ಪ್ರತಿ ಸೆಪ್ಟೆಂಬರ್ 17ರಂದು ಧ್ವಜ ಹಾರಿಸುವಾಗ ಗೋರ್ಟಾದ ಸತ್ತವರನ್ನೂ ಸುಂದರಲಾಲ್ ವರದಿಯ ಸತ್ತವರನ್ನೂ ಒಟ್ಟಿಗೆ ನೆನೆಯುವ ದಿನ ಬಂದರೆ ಆ ಹೆಸರು ಸಾರ್ಥಕ. ಒಂದು ಕಡೆಯ ನೋವನ್ನು ಮಾತ್ರ ಎಣಿಸುವವನು ಹಮ್‌ದರ್ದ್ ಆಗಲಾರ.

ಪ್ರಮಾಣಪತ್ರಕ್ಕಾಗಿ ಸರದಿಯಲ್ಲಿ ನಿಂತಿದ್ದ ದಿನ ನನ್ನ ಮುಂದೆ ಒಬ್ಬ ಹಿರಿಯ ರೈತರಿದ್ದರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲು, ಜೊತೆಗೆ ಮೊಮ್ಮಗ. ಅವರ ಕೈಯಲ್ಲಿ ಹೊಲದ ಹಳೆಯ ಖಾಸ್ರಾ ಪಹಣಿಯ ನಕಲಿತ್ತು, ಎಲ್ಲವೂ ಉರ್ದುವಿನಲ್ಲಿ. ನನ್ನ ಟೊಪ್ಪಿಗೆ ನೋಡಿದರೋ ಏನೋ, ಕಾಗದ ನನ್ನ ಮುಂದೆ ಹಿಡಿದರು. "ಸಾಹೇಬ್ರ, ಇದರಾಗ ನಮ್ಮ ಮುತ್ಯಾನ ಹೆಸರು ಅದಾ ಏನು, ಸ್ವಲ್ಪ ನೋಡ್ರಿ."

ಓದಿದೆ. ಹೆಸರಿತ್ತು. ಅವರ ಮುತ್ಯಾ ಈ ನೆಲದವರೆಂಬುದಕ್ಕೆ ಸಾಕ್ಷಿ ನನ್ನ ದಾದಾ ಅವರ ಭಾಷೆಯಲ್ಲಿತ್ತು. ನನ್ನ ದಾದಾ ಈ ನೆಲದವರೆಂಬುದನ್ನು ಇಂದು ನಾನು ಅವರ ಭಾಷೆಯಲ್ಲಿ ಬರೆಯುತ್ತಿದ್ದೇನೆ.