‘ಯಾರ ಪೈಕಿ?’ ಎಂದು ಕೇಳುವ ಗಣಿತ

ಊರಿಗೆ ಹೊಸಬರು ಬಂದರೆ ನಮ್ಮ ಹಿರಿಯರು ಮೊದಲು ಕೇಳುವುದು ಹೆಸರನ್ನಲ್ಲ, ‘ಯಾರ ಪೈಕಿ?’ ಎಂದು. ಇಂಥವರ ಅಳಿಯ, ಇಂಥವರ ತಂಗಿಯ ಮಗ ಎಂದು ಗೊತ್ತಾದರೆ ಅರ್ಧ ಪರಿಚಯ ಆದಂತೆ. ಗಣಿತದಲ್ಲೂ ಹೀಗೆ ಸಂಬಂಧದಿಂದಲೇ ಗುರುತು ಹಿಡಿಯುವ ಒಂದು ಶಾಖೆ ಇದೆ. ಅದರ ಹೆಸರು ಕೆಟಗರಿ ಥಿಯರಿ. ಅದು ರೂಪುಗೊಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಅಮೆರಿಕದಲ್ಲಿ.

ಅದಕ್ಕೂ ಮುಂಚೆ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದ ಕಡೆ ನೋಡಬೇಕು. ಎಮ್ಮಿ ನೋಯ್ತರ್ ಎಂಬ ಗಣಿತಜ್ಞೆ 1915ರಲ್ಲಿ ಅಲ್ಲಿಗೆ ಬಂದರು. ಹೆಂಗಸು ಎಂಬ ಕಾರಣಕ್ಕೆ ಅವರಿಗೆ ಕೆಲಸ ಕೊಡಲಿಲ್ಲ. ಮೊದಲ ಕೆಲವು ವರ್ಷ ಹಿಲ್ಬರ್ಟ್ ಎಂಬ ಪ್ರಾಧ್ಯಾಪಕರ ಹೆಸರಿನಲ್ಲಿ ಪಾಠ ಮಾಡಿದರು. ಒಂದೊಂದು ಲೆಕ್ಕದ ಹಿಂದೆ ಬೀಳುವ ಬದಲು, ಎಲ್ಲ ಲೆಕ್ಕಕ್ಕೂ ಸಮಾನವಾದ ನಿಯಮ ಹುಡುಕುವುದು ಅವರ ದಾರಿ. ಇದನ್ನೇ ಅಮೂರ್ತತೆ ಎನ್ನುವುದು. ಮೂರು ಎಮ್ಮೆ, ಮೂರು ತೆಂಗಿನಕಾಯಿ, ಮೂರು ದಿನ: ಇವುಗಳಿಂದ ‘ಮೂರು’ ಎಂಬುದನ್ನಷ್ಟೇ ಬಿಡಿಸಿಕೊಂಡಂತೆ.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಯಹೂದಿಯಾದ ನೋಯ್ತರ್ ಕೆಲಸ ಹೋಯಿತು. ಅಮೆರಿಕಕ್ಕೆ ಹೋದ ಅವರು 1935ರಲ್ಲಿ ತೀರಿಕೊಂಡರು. ಆದರೆ ಗಾಟಿಂಗೆನ್‌ನಲ್ಲಿ ಅವರ ಪಾಠ ಕೇಳಿದವರಲ್ಲಿ ಸಾಂಡರ್ಸ್ ಮ್ಯಾಕ್ ಲೇನ್ ಎಂಬ ಅಮೆರಿಕದ ವಿದ್ಯಾರ್ಥಿಯೂ ಇದ್ದ.

ಕಥೆಯ ಇನ್ನೊಬ್ಬರು ಸ್ಯಾಮುಯೆಲ್ ಐಲೆನ್‌ಬರ್ಗ್. ಪೋಲೆಂಡಿನ ವಾರ್ಸಾ ನಗರದ ಯಹೂದಿ. ತಂದೆಯ ಮಾತು ಕೇಳಿ 1939ರಲ್ಲಿ ದೇಶ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು.

ಐಲೆನ್‌ಬರ್ಗ್ ಅವರದು ಟೊಪಾಲಜಿ, ಅಂದರೆ ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ಆಕಾರದ ಗುಣಗಳ ಲೆಕ್ಕ. ಅದರ ಕಣ್ಣಿಗೆ ಉದ್ದಿನ ವಡೆಯೂ ಕೈಬಳೆಯೂ ಒಂದೇ, ಎರಡಕ್ಕೂ ಒಂದೇ ತೂತು. ಮ್ಯಾಕ್ ಲೇನ್ ಅವರದು ಬೀಜಗಣಿತ. ಇಬ್ಬರ ಹೊಲವೂ ಬೇರೆ ಬೇರೆ.

1941ರಲ್ಲಿ ಮ್ಯಾಕ್ ಲೇನ್ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. ಅವರು ಬಿಡಿಸಿದ ಬೀಜಗಣಿತದ ಲೆಕ್ಕ ಐಲೆನ್‌ಬರ್ಗ್‌ಗೆ ಎಲ್ಲೋ ನೋಡಿದಂತೆ ಕಂಡಿತು. ಬಳೆಯೊಳಗೆ ಬಳೆ ಸುತ್ತುತ್ತಾ ಕೊನೆಯಿಲ್ಲದೆ ಸಾಗುವ ಒಂದು ವಿಚಿತ್ರ ಆಕಾರದ ಬಗ್ಗೆ ಬೇರೊಬ್ಬ ಗಣಿತಜ್ಞ ಮಾಡಿದ್ದ ಲೆಕ್ಕವೂ ಹೀಗೇ ಇತ್ತು! ಆಕಾರಕ್ಕೂ ಬೀಜಗಣಿತಕ್ಕೂ ಎಲ್ಲಿಯ ನಂಟು? ಇಬ್ಬರೂ ರಾತ್ರಿಯಿಡೀ ಕುಳಿತು ಅದನ್ನು ಹುಡುಕಿದರು.

ಆ ನಂಟನ್ನು ಹೇಳಲು ಇದ್ದ ಭಾಷೆ ಸಾಲಲಿಲ್ಲ. ಹೊಸದನ್ನೇ ಕಟ್ಟಿ 1945ರಲ್ಲಿ ಪ್ರಕಟಿಸಿದರು. ಅದೇ ಕೆಟಗರಿ ಥಿಯರಿಯ ಮೊದಲ ದೊಡ್ಡ ಪ್ರಬಂಧ.

ಅದರ ತಿರುಳು ನಮಗೆ ಹೊಸದೇನಲ್ಲ. ನಿಮ್ಮಿಂದ ಅಪ್ಪನಿಗೆ ಒಂದು ಬಾಣದ ಗುರುತು ಹಾಕಿ. ಅಪ್ಪನಿಂದ ಅವರ ತಂಗಿಗೆ ಇನ್ನೊಂದು. ಎರಡನ್ನೂ ಕೂಡಿಸಿದರೆ ನಿಮ್ಮಿಂದ ನೇರವಾಗಿ ಸೋದರತ್ತೆಗೆ ಮೂರನೇ ಬಾಣ ಸಿಕ್ಕಿತು. ವಸ್ತುಗಳು, ಅವುಗಳ ನಡುವಿನ ಬಾಣಗಳು, ಬಾಣಗಳನ್ನು ಕೂಡಿಸುವ ನಿಯಮ: ಇಷ್ಟಿದ್ದರೆ ಅದೊಂದು ಕೆಟಗರಿ. ವಸ್ತು ಸಂಖ್ಯೆಯೋ ಆಕಾರವೋ ಎಂಬುದು ಮುಖ್ಯವಲ್ಲ.

ಇನ್ನೊಂದು ಹೆಜ್ಜೆ ಇದೆ. ಒಂದು ಕೆಟಗರಿಯನ್ನು, ಅದರ ಬಾಣಗಳ ಜೋಡಣೆ ಕೆಡದಂತೆ, ಇನ್ನೊಂದಕ್ಕೆ ಸಾಗಿಸುವುದು. ಇದಕ್ಕೆ ಫಂಕ್ಟರ್ ಎಂದು ಹೆಸರು. ಆಕಾರಗಳ ಲೋಕದಲ್ಲಿ ಬಿಡಿಸಲಾಗದ ಗಂಟನ್ನು ಹೀಗೆ ಬೀಜಗಣಿತಕ್ಕೆ ಸಾಗಿಸಿ, ಅಲ್ಲಿ ಬಿಡಿಸಬಹುದು.

ಇದನ್ನು ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಗಣಿತಜ್ಞರೇ ‘ಅಬ್‌ಸ್ಟ್ರಾಕ್ಟ್ ನಾನ್‌ಸೆನ್ಸ್’ ಎಂದು ಅಡ್ಡಹೆಸರಿಟ್ಟರು. ಕೆಲವರು ಪ್ರೀತಿಯಿಂದ, ಕೆಲವರು ಬೇಸರದಿಂದ. ಆದರೆ ಮುಂದೆ ಫ್ರಾನ್ಸಿನ ಗ್ರೋಥೆಂಡೀಕ್ ಇದೇ ಭಾಷೆಯಲ್ಲಿ ಜ್ಯಾಮಿತಿಯನ್ನು ಹೊಸದಾಗಿ ಕಟ್ಟಿದರು. ಇಂದು ಹ್ಯಾಸ್ಕೆಲ್‌ನಂಥ ಕಂಪ್ಯೂಟರ್ ಭಾಷೆಗಳಲ್ಲೂ ಈ ವಿಚಾರಗಳು ಕೆಲಸ ಮಾಡುತ್ತಿವೆ.

‘ಈ ಎಕ್ಸ್, ವೈ ಕಲಿತು ಏನುಪಯೋಗ?’ ಎಂದು ಹೈಸ್ಕೂಲ್ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಕ್ಸ್ ಜಾಗದಲ್ಲಿ ಅಡಿಕೆಯ ತೂಕ ಇಡಿ, ಸಾಲದ ಬಡ್ಡಿ ಇಡಿ, ಲೆಕ್ಕದ ದಾರಿ ಬದಲಾಗುವುದಿಲ್ಲ. ಅಮೂರ್ತತೆ ಎಂದರೆ ಗಾಳಿಗೋಪುರವಲ್ಲ. ಒಮ್ಮೆ ಪಟ್ಟ ಶ್ರಮವನ್ನು ಮತ್ತೆ ಮತ್ತೆ ಪಡದಂತೆ ನೋಡಿಕೊಳ್ಳುವ ಜಾಣತನ. ಎರಡು ಬೇರೆ ಹೊಲದವರು ಒಂದೇ ಉತ್ತರದ ಮುಂದೆ ನಿಂತಾಗ ‘ಕಾಕತಾಳೀಯ’ ಎಂದು ಎದ್ದುಹೋಗದೆ, ‘ಯಾಕೆ ಹೀಗೆ?’ ಎಂದು ಕುಳಿತದ್ದರಿಂದಲೇ ಅದು ದಕ್ಕಿತು.