ಮಲಪ್ರಭೆಯ ಕಲ್ಲಾಯುಧಗಳೂ ಮಂಗನ ಸಾಕ್ಷ್ಯವೂ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಇತಿಹಾಸವೆಂದೊಡನೆ ವಾಚಕರ ಮನಸ್ಸು ಇ. ಸ. 1824ರ ಕಿತ್ತೂರ ಸಮರಕ್ಕೋ, ಬಹಳವಾದರೆ ಸುಗಂಧವರ್ತಿಯ ರಟ್ಟರ ಶಾಸನಗಳಿಗೋ ಹೋಗಿ ನಿಲ್ಲುವುದು. ಅದರಾಚೆಗೆ ಬರಹದ ಆಧಾರವು ವಿರಳವಾಗುವುದರಿಂದ ಇದು ಸಹಜವೇ ಸರಿ. ಆದರೆ ಈ ಸೀಮೆಯನ್ನು ಹಾದು ಹರಿಯುವ ಮಲಪ್ರಭೆಯು ಅಕ್ಷರವಿಲ್ಲದ ಇನ್ನೊಂದು ದಫ್ತರವನ್ನು ತನ್ನ ಕಣಿವೆಯಲ್ಲಿ ಕಾಪಾಡಿಕೊಂಡು ಬಂದಿರುವುದು. ಅದನ್ನು ಓದುವ ಕ್ರಮಕ್ಕೆ ದೂರದೇಶದ ಮಂಗಗಳು ಈಚೆಗೆ ಒಂದು ಆಕ್ಷೇಪವನ್ನೊಡ್ಡಿವೆಯೆಂದರೆ ನಗೆ ಬಂದೀತು. ಆಕ್ಷೇಪವು ಮಾತ್ರ ನಗತಕ್ಕುದಲ್ಲ.

ಕಣಕುಂಬಿಯಲ್ಲಿ ಹುಟ್ಟಿದ ಈ ಹೊಳೆಯು ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ಹೊರಬೀಳುವುದು. ಅಲ್ಲಿಂದ ರಾಮದುರ್ಗ, ಬಾದಾಮಿಗಳ ಕಡೆಗೆ ಕಾಣುವ ಗುಡ್ಡಗಳು ಬಹುಮಟ್ಟಿಗೆ ಮರಳುಗಲ್ಲಿನವು ಮತ್ತು ಕ್ವಾರ್ಟ್ಸೈಟ್ ಎಂಬ ಬೆಣಚುಜಾತಿಯ ಶಿಲೆಯವು. ಈ ಶಿಲೆಯು ಬಲು ಗಟ್ಟಿ. ಸರಿಯಾದ ಏಟು ಬಿದ್ದರೆ ಚಿಪ್ಪಿನಂತೆ ಚಕ್ಕೆಯೆದ್ದು ಅಂಚು ಹರಿತವಾಗುವುದು. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟರು 1863ನೆಯ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಗುರುತಿಸಿದವರು. ಅವರೇ ಮುಂದೆ ಈ ಭಾಗವನ್ನು ಸುತ್ತಿ, ದಕ್ಷಿಣ ಮಹಾರಾಷ್ಟ್ರ ಸೀಮೆಯ ಭೂರಚನೆಯನ್ನು ಕುರಿತು 1876ರಲ್ಲಿ ಪ್ರಕಟವಾದ ಗ್ರಂಥವನ್ನು ಬರೆದರು. ಮಲಪ್ರಭೆಯ ಜಲ್ಲಿಪದರಗಳ ಆಯುಧಗಳು ವಿದ್ವಾಂಸರ ಕಣ್ಣಿಗೆ ಬಿದ್ದುದು ಅವರಿಂದಲೇ. ಬಾದಾಮಿಯ ಕಡೆಯ ಖ್ಯಾಡ ಗ್ರಾಮವು ಇವುಗಳಿಗೆ ಹೆಸರಾಯಿತು. ಆರ್. ವಿ. ಜೋಶಿಯವರು ಇಡೀ ಕಣಿವೆಯನ್ನು ಪದರಪದರವಾಗಿ ಪರಿಶೀಲಿಸಿ 1955ರಲ್ಲಿ ಗ್ರಂಥವನ್ನೇ ರಚಿಸಿದರು.

ಇನ್ನು ಆಕ್ಷೇಪದ ವಿಚಾರ. ಬ್ರಾಝಿಲ್ ದೇಶದ ಸೆರಾ ದ ಕಪಿವಾರಾ ಎಂಬ ಕಾಡಿನಲ್ಲಿ ಕಪುಚಿನ್ ಜಾತಿಯ ಮಂಗಗಳು ಕಲ್ಲಿನಿಂದ ಗೇರುಬೀಜವನ್ನೊಡೆದು ತಿನ್ನುವವು. ಅಷ್ಟೇ ಅಲ್ಲ, ಬಂಡೆಯಲ್ಲಿ ಹುದುಗಿದ ಬೆಣಚುಜಾತಿಯ ಗುಂಡುಗಳನ್ನು ಅಂಥದೇ ಇನ್ನೊಂದು ಗುಂಡಿನಿಂದ ಕುಟ್ಟಿ, ಎದ್ದ ಪುಡಿಯನ್ನು ನೆಕ್ಕುವವು. ಈ ಕುಟ್ಟಾಟದಲ್ಲಿ ಹರಿತವಾದ ಚಕ್ಕೆಗಳು ತಾವಾಗಿ ಸಿಡಿದು ಬೀಳುವವು. ಆದಿಮಾನವನು ಮಾಡಿದವೆಂದು ಎಣಿಸಲ್ಪಡುವ ಚಕ್ಕೆಗಳ ಲಕ್ಷಣಗಳೇ ಇವುಗಳಲ್ಲಿಯೂ ಇರುವುವೆಂದು 2016ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. 2023ರಲ್ಲಿ ಥಾಯ್ಲೆಂಡಿನ ಉದ್ದಬಾಲದ ಮಂಗಗಳ ವಿಷಯದಲ್ಲಿಯೂ ಇಂಥದೇ ವರದಿ ಬಂದಿತು; ಅವು ತಾಳೆಜಾತಿಯ ಬೀಜವನ್ನು ಕಲ್ಲಿನ ಮೇಲಿಟ್ಟು ಒಡೆಯುವಾಗ ಏಟು ತಪ್ಪಿ ಚಕ್ಕೆ ಹಾರುವುದು. ಗುಡಿಗಳಲ್ಲಿ ಭಕ್ತರ ಕೈಯ ಬಾಳೆಹಣ್ಣನ್ನು ಕಸಿಯುವ ಈ ಕಡೆಯ ಮಂಗನಿಗೆ ಥಾಯ್ಲೆಂಡಿನ ಮಂಗವು ಸಮೀಪದ ದಾಯಾದಿ. ಕಸಿಯುವ ವಿದ್ಯೆಯೊಂದಿರಲು ಇದಕ್ಕೆ ಕಲ್ಲಿನ ಗೊಡವೆ ಬೇಕಾಗಲಿಲ್ಲವೆಂದು ತೋರುತ್ತದೆ.

ಹಾಗಾದರೆ ರಾಮದುರ್ಗದ ಹೊಲದಲ್ಲಿ ಸಿಕ್ಕ ಒಂಟಿ ಚಕ್ಕೆಯು ಮನುಷ್ಯನಿದ್ದನೆಂಬುದಕ್ಕೆ ಸಾಕ್ಷಿಯಾದೀತೆ? ಆಗಲಾರದು. ಮಹಾಪೂರದಲ್ಲಿ ಗುಂಡಿಗೆ ಗುಂಡು ತಾಗಿಯೂ ಚಕ್ಕೆ ಏಳುವುದುಂಟು. ಕೈಗೊಡಲಿಯ ಮಾತು ಬೇರೆ. ಕಲ್ಲಿನ ಎರಡು ಮೈಗಳಿಂದಲೂ ಒಂದರ ಮಗ್ಗುಲಿಗೆ ಇನ್ನೊಂದರಂತೆ ಚಕ್ಕೆಗಳನ್ನೆಬ್ಬಿಸಿ, ತುದಿಯನ್ನು ಚೂಪುಮಾಡಿ, ಬುಡವನ್ನು ಹಿಡಿಕೆಗೆ ದಪ್ಪವಾಗಿ ಉಳಿಸಬೇಕಾದರೆ, ಮುಂದಿನ ಏಟಿಗೆ ಅನುವಾಗುವಂತೆ ಹಿಂದಿನ ಏಟನ್ನು ಹಾಕಿರಬೇಕು. ಹೊಳೆಗೂ ಮಂಗನಿಗೂ ಈ ಮುಂದಾಲೋಚನೆಯಿಲ್ಲ. ಮಂಗವು ತಾನೇ ಸಿಡಿಸಿದ ಚಕ್ಕೆಯನ್ನು ಉಪಯೋಗಿಸಿಕೊಂಡುದನ್ನು ಆ ಪರೀಕ್ಷಕರು ಕಾಣಲಿಲ್ಲ. ಬೀಜ ತಿಂದು ಅದು ಹೊರಟುಹೋಗುವುದು. ಆಫ್ರಿಕದ ಲೊಮೆಕ್ವಿಯಲ್ಲಿ ದೊರೆತ 33 ಲಕ್ಷ ವರುಷಗಳ ಹಿಂದಿನ ಕಲ್ಲಾಯುಧಗಳಿಗಿಂತಲೂ ಮೊದಲು, ಕಾಯನ್ನೋ ಎಲುಬನ್ನೋ ಕುಟ್ಟುತ್ತಿದ್ದ ಯಾವುದೋ ಜೀವಿಯು ಹಾರಿಬಿದ್ದ ಚಕ್ಕೆಯನ್ನು ತಿರುಗಿ ನೋಡಿ ಎತ್ತಿಕೊಂಡಿರಬೇಕು. ಇದು ಊಹೆಯೇ, ಆದರೂ ಮಂಗಗಳ ಕುಟ್ಟಾಟವನ್ನು ನೋಡಿದ ಮೇಲೆ ಈ ಊಹೆಗೆ ಬಲ ಬಂದಿದೆ.

ಆಕಾರದ ಸಾಕ್ಷ್ಯಕ್ಕೆ ಸ್ಥಳದ ಸಾಕ್ಷ್ಯವು ಕೂಡಿದರೆ ಸಂಶಯಕ್ಕೆ ಎಡೆಯೇ ಉಳಿಯದು. ಸುರಪುರದ ಕಡೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆಯಿಸಿದಾಗ ಕಲ್ಲಾಯುಧಗಳ ಕಮ್ಮಟವೇ ದೊರೆಯಿತು. ಸುಣ್ಣಗಲ್ಲಿನ ಹಾಸುಗಳು, ಅರೆಮಾಡಿದ ಕೊಡಲಿಗಳು, ಎದ್ದ ಚಕ್ಕೆಗಳು, ಬೇರೆ ಜಾತಿಯ ಶಿಲೆಯ ಬಡಿಗಲ್ಲುಗಳು ಎಲ್ಲವೂ ಒಂದೆಡೆಯಲ್ಲಿದ್ದವು. ಅಲ್ಲಿಯ ಪ್ರಾಣಿದಂತಗಳ ಪರೀಕ್ಷೆಯಿಂದ ಅದರ ಕಾಲವು ಸುಮಾರು 12 ಲಕ್ಷ ವರುಷವೆಂದು ಎಣಿಸಲಾಯಿತು. ಮಲಪ್ರಭೆಯ ಕಣಿವೆಯಲ್ಲಿ ಇಂಥ ಸೌಕರ್ಯವು ಅಪರೂಪ. ಹೊಳೆಯು ಕೊಡಲಿಗಳನ್ನು ಮಾಡಿದ ಸ್ಥಳದಿಂದ ಎಳೆದು ತಂದು ಜಲ್ಲಿಯಲ್ಲಿ ಬೆರೆಸಿದೆ. ಅದು ಅಲುಗಿಸದೆ ಬಿಟ್ಟ ಪದರವು ಎಲ್ಲಿಯಾದರೂ ಉಳಿದಿದ್ದರೆ, ಮರಳಿಗಾಗಿಯೋ ಜಲ್ಲಿಗಾಗಿಯೋ ದಂಡೆಯನ್ನು ಬಗೆಯುವಾಗ ಕೊಡಲಿ, ಚಕ್ಕೆ, ಬಡಿಗಲ್ಲುಗಳು ಯಾವ ಆಳದಲ್ಲಿ ಒಟ್ಟಿಗಿದ್ದವೆಂಬ ಗುರುತು ಅಳಿದುಹೋಗುವುದು. ಆ ಮೇಲೆ ಉಳಿದ ಚಕ್ಕೆಯು ಮನುಷ್ಯನದೋ ಹೊಳೆಯದೋ ಎಂಬುದನ್ನು ಹೇಳುವುದು ಫೂಟರಂಥವರಿಗೂ ಸಾಧ್ಯವಾಗದು.