ವಲಸೆ ವಿರೋಧಿ ಮತದ ಬೇರುಗಳು: ಬಾಸ್ಟನ್ ಪಟ್ಟಣದ ನಿದರ್ಶನ

ವಲಸಿಗರು ಎಲ್ಲಿ ಹೆಚ್ಚೋ ಅಲ್ಲಿ ವಲಸೆಗೆ ವಿರೋಧವೂ ಹೆಚ್ಚು ಎಂಬ ಗ್ರಹಿಕೆ ಬ್ರಿಟನ್ನಿನ ಮಟ್ಟಿಗೆ ನಿಲ್ಲುವುದಿಲ್ಲ. ಲಂಡನ್ ನಿವಾಸಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಹೊರದೇಶದಲ್ಲಿ ಹುಟ್ಟಿದವರು. 2016ರ ಜನಮತಗಣನೆಯಲ್ಲಿ ಆ ನಗರ ಸುಮಾರು ಶೇ. 60ರಷ್ಟು ಮತಗಳಿಂದ ಐರೋಪ್ಯ ಒಕ್ಕೂಟದಲ್ಲೇ ಉಳಿಯುವ ಪರ ನಿಂತಿತು. ಲಿಂಕನ್‌ಶೈರಿನ ಬಾಸ್ಟನ್‌ನಲ್ಲಿ ಶೇ. 75.6ರಷ್ಟು ಮಂದಿ ಒಕ್ಕೂಟ ಬೇಡವೆಂದರು. ದೇಶದಲ್ಲೇ ಅದು ಅತಿ ಹೆಚ್ಚಿನ ಪ್ರಮಾಣ.

ಬಾಸ್ಟನ್ ಸುತ್ತ ಕೋಸು, ಹೂಕೋಸು, ಆಲೂಗಡ್ಡೆ ಬೆಳೆಯುವ ಫಲವತ್ತಾದ ತಗ್ಗು ಪ್ರದೇಶವಿದೆ. ಕೊಯ್ಲಿಗೂ ತರಕಾರಿ ಪ್ಯಾಕಿಂಗ್ ಶೆಡ್ಡುಗಳಿಗೂ ಮೇಸ್ತ್ರಿಗಳ ಮೂಲಕ ಆಳುಗಳನ್ನು ಕರೆತರುವುದು ಅಲ್ಲಿನ ಹಳೆಯ ಪದ್ಧತಿ. 2004ರಲ್ಲಿ ಪೋಲೆಂಡ್, ಲಿಥುವೇನಿಯಾ ಮೊದಲಾದ ದೇಶಗಳು ಒಕ್ಕೂಟ ಸೇರಿದಾಗ, ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಮಾತ್ರ ಅವುಗಳ ಕಾರ್ಮಿಕರಿಗೆ ಕೂಡಲೇ ಅವಕಾಶ ಕೊಟ್ಟವು. ವರ್ಷಕ್ಕೆ 5,000ದಿಂದ 13,000 ಜನ ಬಂದಾರೆಂದು ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಕೆಯಾದ ವರದಿ ಅಂದಾಜಿಸಿತ್ತು. ಬಂದವರು ಅದರ ಹಲವು ಪಟ್ಟು. 2001 ಮತ್ತು 2011ರ ಜನಗಣತಿಗಳ ನಡುವೆ ಬಾಸ್ಟನ್‌ನಲ್ಲಿ ವಿದೇಶದಲ್ಲಿ ಹುಟ್ಟಿದವರ ಸಂಖ್ಯೆ ಐದು ಪಟ್ಟು ಮೀರಿತು. ಲಂಡನ್ ತಲೆಮಾರುಗಳಲ್ಲಿ ಕಂಡ ಬದಲಾವಣೆಯನ್ನು ಈ ಪಟ್ಟಣ ಹತ್ತೇ ವರ್ಷಗಳಲ್ಲಿ ಕಂಡಿತು. ಬಾಡಿಗೆ ಮನೆ, ಶಾಲೆ, ಚಿಕಿತ್ಸಾಲಯಗಳು ಆ ವೇಗಕ್ಕೆ ಸಜ್ಜಾಗಿರಲಿಲ್ಲ.

ಹಾಗಾದರೆ ಇದು ಹೊಟ್ಟೆಪಾಡಿನ ಭಯವೇ? ರಾಜ್ಯಶಾಸ್ತ್ರಜ್ಞರಾದ ಯೆನ್ಸ್ ಹೈನ್‌ಮುಲ್ಲರ್ ಮತ್ತು ಡೇನಿಯಲ್ ಹಾಪ್ಕಿನ್ಸ್ 2014ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನದಲ್ಲಿ ಈ ವಾದಕ್ಕೆ ಬಲವಾದ ಆಧಾರ ಕಾಣಲಿಲ್ಲ. ತನ್ನ ಕೆಲಸ ಹೋದೀತೆಂಬುದಕ್ಕಿಂತ ದೇಶದ ಆರ್ಥಿಕತೆ, ಸಂಸ್ಕೃತಿಗಳು ಏನಾದಾವೆಂಬ ಆತಂಕವೇ ಅಭಿಪ್ರಾಯವನ್ನು ರೂಪಿಸುತ್ತದೆ. ಜನಾಂಗೀಯ ಪೂರ್ವಗ್ರಹ ಇದರಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಎಲ್ಲವನ್ನೂ ಅದರ ತಲೆಗೇ ಕಟ್ಟುವುದು ಸಂಶೋಧನೆಯ ಸೋಮಾರಿತನ.

ವೇಗವೊಂದೇ ಕಾರಣವೂ ಅಲ್ಲ. ಹಿಂದಿನ ಪೂರ್ವ ಜರ್ಮನಿಗೆ ಸೇರಿದ್ದ ಥುರಿಂಗಿಯಾ ರಾಜ್ಯದಲ್ಲಿ ವಿದೇಶಿಯರ ಪ್ರಮಾಣ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ. ಆದರೂ 2024ರ ರಾಜ್ಯ ಚುನಾವಣೆಯಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷ ಶೇ. 32.8 ಮತ ಪಡೆದು ಮೊದಲ ಸ್ಥಾನಕ್ಕೇರಿತು. 1990ರ ಏಕೀಕರಣದ ನಂತರ ಕಾರ್ಖಾನೆಗಳು ಮುಚ್ಚಿ, ಯುವಜನರು ಪಶ್ಚಿಮಕ್ಕೆ ಗುಳೆ ಹೋದ ನೆಲ ಅದು.

ಎರಡೂ ಕಡೆ ಎದ್ದು ಕಾಣುವುದು, ನಮ್ಮ ಊರಿನ ಹಣೆಬರಹವನ್ನು ನಮ್ಮನ್ನು ಕೇಳದೆ ಯಾರೋ ಬರೆದರೆಂಬ ಅಸಮಾಧಾನ. ಮುಖ್ಯವಾಹಿನಿಯ ಪಕ್ಷಗಳು ಈಡೇರಿಸಲಾಗದ ಭರವಸೆ ಕೊಟ್ಟು ಅದನ್ನು ಬೆಳೆಸಿದವು. ನಿವ್ವಳ ವಲಸೆಯನ್ನು ವರ್ಷಕ್ಕೆ ಒಂದು ಲಕ್ಷದೊಳಗೆ ಇಳಿಸುವುದಾಗಿ ಬ್ರಿಟನ್ನಿನ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ 2010ರಲ್ಲಿ ಹೇಳಿದ್ದರು. ಅವರು ಪ್ರಧಾನಿಯಾಗಿದ್ದ ಅವಧಿಯಲ್ಲಿ ಅದೊಮ್ಮೆಯೂ ಆಗಲಿಲ್ಲ. ಬ್ರೆಕ್ಸಿಟ್, ಅಂದರೆ ಒಕ್ಕೂಟದಿಂದ ಬ್ರಿಟನ್ನಿನ ನಿರ್ಗಮನ, ಜಾರಿಯಾದ ಮೇಲೆ, 2023ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ, ನಿವ್ವಳ ವಲಸೆ 9 ಲಕ್ಷದ ಆಸುಪಾಸಿಗೆ ಏರಿತು. ಮರುವರ್ಷದ ಚುನಾವಣೆಯಲ್ಲಿ ಬಾಸ್ಟನ್-ಸ್ಕೆಗ್ನೆಸ್ ಕ್ಷೇತ್ರವನ್ನು ಕನ್ಸರ್ವೇಟಿವ್ ಪಕ್ಷದಿಂದ ವಲಸೆ ವಿರೋಧಿ ರಿಫಾರ್ಮ್ ಯುಕೆ ಪಕ್ಷ ಕಸಿದುಕೊಂಡಿತು.